ಇಟಲಿಯ ನಾಡತಳಿ ಮೇಕೆಗಳು: ಸರಿಯಾದ ದಾಖಲೆಯೇ ತಳಿಗೆ ರಕ್ಷಣೆ

ಒಂದು ತಳಿಯ ಮೇಕೆಗಳು ಲಕ್ಷಗಟ್ಟಲೆ ಇರುವಾಗ ಯಾವ ಮರಿ ಯಾವ ಹೋತದ್ದೆಂದು ಬರೆದಿಡದಿದ್ದರೂ ತಳಿಗೆ ಕೂಡಲೇ ಅಪಾಯವಾಗದು. ಕೆಲವೇ ನೂರು ಉಳಿದಾಗ ಮಾತ್ರ ಒಂದು ತಪ್ಪು ಬರಹವೂ ಮುಂದಿನ ಪೀಳಿಗೆಗಳನ್ನು ಕೆಡಿಸಬಲ್ಲದು. ಇಟಲಿ ದೇಶದ ನಾಡತಳಿ ಮೇಕೆಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ತಳಿಗಳ ಪರಿಚಯ

ಇಟಲಿಯ ಉತ್ತರಕ್ಕೆ ಆಲ್ಪ್ಸ್ ಪರ್ವತಗಳು, ದಕ್ಷಿಣಕ್ಕೆ ಒಣ ಗುಡ್ಡಗಳು ಮತ್ತು ದ್ವೀಪಗಳು. ಆಯಾ ಸೀಮೆಗೆ ಒಗ್ಗಿದ ತಳಿಗಳು ಅಲ್ಲಲ್ಲಿಯೇ ಬೆಳೆದುಬಂದಿವೆ. ಲೊಂಬಾರ್ಡಿಯ ಬೆಟ್ಟಗಳಲ್ಲಿ ಒರೊಬಿಕಾ ಮತ್ತು ಫ್ರೀಸಾ, ಪುಲಿಯಾದಲ್ಲಿ ಗಾರ್ಗಾನಿಕಾ, ಸಾರ್ಡಿನಿಯಾ ದ್ವೀಪದಲ್ಲಿ ಸಾರ್ದಾ, ಸಿಸಿಲಿಯಲ್ಲಿ ಜಿರ್ಜೆಂತಾನಾ ಇವು ಕೆಲವು. ಜಿರ್ಜೆಂತಾನಾದ ಕೊಂಬುಗಳು ತಿರುಪಿನಂತೆ ಸುತ್ತಿಕೊಂಡು ನೆಟ್ಟಗೆ ಮೇಲಕ್ಕೆ ಬೆಳೆಯುತ್ತವೆ. ಆಗ್ರಿಜೆಂತೊ ಪಟ್ಟಣಕ್ಕೆ 1927ರವರೆಗೆ ಇದ್ದ ಜಿರ್ಜೆಂತಿ ಎಂಬ ಹೆಸರೇ ಈ ತಳಿಗೆ ಬಂದಿದೆ. ಹೆಚ್ಚು ಹಾಲು ಕೊಡುವ ಬೇರೆ ತಳಿಗಳತ್ತ ಸಾಕುವವರು ಹೊರಳಿದ್ದರಿಂದ ಮತ್ತು ಮಿಶ್ರ ಸಂಕರಣದಿಂದ ಇಂತಹ ಹಲವು ತಳಿಗಳ ಸಂಖ್ಯೆ ಇಳಿದಿದೆ. ಅಸ್ಸೊನಾಪಾ ಎಂಬ ರಾಷ್ಟ್ರೀಯ ಸಂಘವು ಕುರಿ, ಮೇಕೆಗಳ ವಂಶಾವಳಿ ಪುಸ್ತಕಗಳನ್ನು ನಡೆಸುತ್ತದೆ.

ವಂಶಾವಳಿ ಏಕೆ ಬೇಕು?

ಸಣ್ಣ ಹಿಂಡಿನ ದೊಡ್ಡ ಶತ್ರು ರಕ್ತಸಂಬಂಧದ ಕೂಡಿಕೆ. ತಂದೆ ಹೋತ ತನ್ನ ಮಗಳಿಗೆ ಕೂಡಿದರೆ ಮರಿಯಲ್ಲಿ ಇದರ ಪ್ರಮಾಣ ಶೇ. 25, ತಂದೆ ಒಂದೇ ಆಗಿ ತಾಯಿ ಬೇರೆಯಾದ ಅಣ್ಣ-ತಂಗಿ ಕೂಡಿದರೆ ಶೇ. 12.5. ಇದು ಹೆಚ್ಚಿದಂತೆ ಮರಿಗಳ ಸಾವು ಹೆಚ್ಚುತ್ತದೆ, ಗಬ್ಬ ಕಟ್ಟುವುದು ಕಡಿಮೆಯಾಗುತ್ತದೆ.

ಒಂದು ಲೆಕ್ಕ ನೋಡೋಣ. ಹೋತಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿದರೆ ತಳಿಯ 'ಪರಿಣಾಮಕಾರಿ ಸಂಖ್ಯೆ' ಸಿಗುತ್ತದೆ. 100 ಹೆಣ್ಣುಗಳಿಗೆ 2 ಹೋತಗಳಿದ್ದರೆ ಇದು ಸುಮಾರು 8 ಮಾತ್ರ. 10 ಹೋತಗಳಿದ್ದರೆ ಸುಮಾರು 36. ಮೊದಲನೆಯದರಲ್ಲಿ ಪ್ರತಿ ಪೀಳಿಗೆಗೆ ರಕ್ತಸಂಬಂಧ ಶೇ. 6ಕ್ಕಿಂತ ಹೆಚ್ಚು ಏರುತ್ತದೆ, ಎರಡನೆಯದರಲ್ಲಿ ಶೇ. 1.4ರಷ್ಟು. ಶೇ. 1ನ್ನು ಮೀರದಿರಲು ಈ ಸಂಖ್ಯೆ 50 ಇರಬೇಕು. ಆದರೆ ಆ 10 ಹೋತಗಳೂ ಒಂದೇ ತಂದೆಯ ಮಕ್ಕಳಾಗಿದ್ದರೆ? ಲೆಕ್ಕ ಬರೀ ಕಾಗದದ ಮೇಲೆ ಉಳಿಯುತ್ತದೆ. ಅದನ್ನು ತಿಳಿಸುವುದು ವಂಶಾವಳಿ ಒಂದೇ.

ಕಿವಿಯೋಲೆಯೊಂದೇ ಸಾಲದು

ಯುರೋಪಿನ ನಿಯಮದಂತೆ 2010ರಿಂದ ಇಟಲಿಯ ಮೇಕೆಗಳಿಗೆ ಸಾಮಾನ್ಯವಾಗಿ ಎರಡು ಗುರುತುಗಳಿರಬೇಕು. ಅವುಗಳಲ್ಲಿ ಒಂದು ಎಲೆಕ್ಟ್ರಾನಿಕ್ ಆಗಿರಬೇಕು. ಆದರೆ ಓಲೆಯು ಇದು ಯಾವ ಮೇಕೆ ಎಂದು ಹೇಳುತ್ತದೆ, ಯಾರ ಮರಿ ಎಂದು ಹೇಳದು. ಕಾನೂನಿನ ಓಲೆಯನ್ನು ಹುಟ್ಟಿದ ದಿನವೇ ಹಾಕಬೇಕೆಂದೂ ಇಲ್ಲ, ತಿಂಗಳುಗಳ ಗಡುವಿದೆ. ಅಷ್ಟರಲ್ಲಿ ಮರಿಗಳು ಒಂದರೊಡನೊಂದು ಬೆರೆತುಹೋಗುತ್ತವೆ. ಆದುದರಿಂದ ಮರಿ ತಾಯಿಯ ಪಕ್ಕದಲ್ಲಿರುವಾಗಲೇ ಕೊರಳಿಗೆ ಅಂಕಿಯ ಪಟ್ಟಿ ಕಟ್ಟಬೇಕು.

ಬರೆಯಬೇಕಾದ ವಿವರಗಳು

1. ಹೆಣ್ಣಿನ ಸಂಖ್ಯೆ, ಹೋತದ ಸಂಖ್ಯೆ, ಕೂಡಿಸಿದ ದಿನಾಂಕ.
2. ಈದ ದಿನಾಂಕ, ಮರಿಗಳ ಸಂಖ್ಯೆ, ಗಂಡೋ ಹೆಣ್ಣೋ, ತೂಕ.
3. ಬಣ್ಣ, ಮಚ್ಚೆ, ಕೊಂಬು ಇದೆಯೋ ಇಲ್ಲವೋ. ಬೋಳು ಹೋತವನ್ನು ಬೋಳು ಹೆಣ್ಣಿಗೆ ಕೂಡಿಸಿದರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬಂಜೆ ಮರಿಗಳು ಹುಟ್ಟುವ ಸಂಭವವಿದೆ.
4. ಸಾವು, ಮಾರಾಟ, ಕಾರಣ ಸಹಿತ.

ದಾಖಲೆಯನ್ನು ಪರೀಕ್ಷಿಸುವ ಬಗೆ

ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ. ಬೆದೆ ಮರಳುವುದು ಸುಮಾರು 21 ದಿನಕ್ಕೆ. ಅಕ್ಟೋಬರ್ 1ರಂದು ಮೊದಲ ಹೋತಕ್ಕೆ ಬಿಟ್ಟು, ಬೆದೆ ಮರಳಿದ್ದರಿಂದ 22ರಂದು ಎರಡನೆಯದಕ್ಕೆ ಬಿಟ್ಟಿರೆನ್ನಿ. ಫೆಬ್ರವರಿ 28ರ ಸುಮಾರಿಗೆ ಈದರೆ ಮರಿ ಮೊದಲನೆಯದರದ್ದು. ಮಾರ್ಚ್ 21ರ ಸುಮಾರಿಗಾದರೆ ಎರಡನೆಯದರದ್ದು. ಎರಡಕ್ಕೂ ಹೊಂದದಿದ್ದರೆ ಪುಸ್ತಕದಲ್ಲಿ ತಪ್ಪಿದೆ, ಇಲ್ಲವೇ ಬೇರೊಂದು ಹೋತ ಹಿಂಡಿಗೆ ನುಗ್ಗಿದೆ. ಹಲವರ ಹಿಂಡುಗಳು ಒಂದೇ ಬೆಟ್ಟದಲ್ಲಿ ಮೇಯುವಾಗ ಇದು ಅಪರೂಪವೇನಲ್ಲ. ಅನುಮಾನವಿದ್ದಲ್ಲಿ ರಕ್ತ ಅಥವಾ ಕೂದಲಿನ ಡಿಎನ್ಎ ಪರೀಕ್ಷೆಯಿಂದ ತಂದೆಯನ್ನು ಗುರುತಿಸಬಹುದು. ಪರೀಕ್ಷೆ ಆಗದಿದ್ದರೆ 'ತಂದೆ ತಿಳಿಯದು' ಎಂದೇ ಬರೆಯಿರಿ. ಖಾಲಿ ಜಾಗ ಒಂದು ಕೊರತೆ ಮಾತ್ರ. ಊಹೆಯ ಹೆಸರು ಸುಳ್ಳು, ಮುಂದೆ ಅದನ್ನು ಯಾರೂ ಸುಳ್ಳೆಂದು ಗುರುತಿಸಲಾರರು.

ಹಾಲಿನ ಲೆಕ್ಕ

ಪ್ರತಿದಿನ ಅಳೆಯಬೇಕಾಗಿಲ್ಲ. ತಿಂಗಳಿಗೊಮ್ಮೆ ಎರಡೂ ಹೊತ್ತಿನ ಹಾಲು ಅಳೆದರೆ ಸಾಕು. ಮೊದಲ ಸಲ 1.6 ಲೀಟರ್, 30 ದಿನಗಳ ನಂತರ 1.4 ಲೀಟರ್ ಬಂದರೆ ಸರಾಸರಿ 1.5, ಆ ಅವಧಿಯ ಹಾಲು 45 ಲೀಟರ್. ಚೆನ್ನಾಗಿ ಕರೆದ ದಿನವನ್ನಷ್ಟೇ ಆರಿಸಿ ಬರೆದರೆ ಸಾಧಾರಣ ತಾಯಿಯ ಮಗನೂ ಉತ್ತಮ ಹೋತವೆನಿಸಿಕೊಂಡು ಇಡೀ ತಳಿಗೆ ಹರಡುತ್ತಾನೆ.

ನಮ್ಮ ನಂದಿದುರ್ಗ ಮತ್ತು ಬಿದ್ರಿ ಮೇಕೆಗಳೂ ಇಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾದ ತಳಿಗಳು. ತಳಿಯ ಹೆಸರು ನೋಂದಣಿಯಾದರೆ ಸಾಲದು. ಮರಿಯ ಹೆಸರು ರೈತನ ಪುಸ್ತಕದಲ್ಲಿ ಬರಬೇಕು. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್, ಈದ ದಿನವೇ ಬರೆಯುವ ರೂಢಿ. ಖರ್ಚು ಇಷ್ಟೇ. ವಿಸ್ತರಣಾ ಕಾರ್ಯಕರ್ತರು ಹಿಂಡಿಗೆ ಭೇಟಿ ಕೊಟ್ಟಾಗ ಮೊದಲು ಈ ಪುಸ್ತಕವನ್ನು ಕೇಳಿ ನೋಡುವುದು ಒಳ್ಳೆಯದು.