ಮುಕ್ತ ತಂತ್ರಾಂಶಕ್ಕೆ ಕನ್ನಡದ ಉಡುಗೆ

ನಮ್ಮ ಕಡೆಯ ಊರುಗಳಲ್ಲಿ ತೇರು ಒಂದೇ. ಅಲಂಕಾರ ಮಾತ್ರ ವರ್ಷ ವರ್ಷಕ್ಕೂ ಬೇರೆ. ಹೂವಿನ ಹಾರ ಬದಲಾದೀತು, ಪತಾಕೆ ಬದಲಾದೀತು. ಗಾಲಿ ಅಚ್ಚುಗಳನ್ನು ಅಲಂಕಾರ ಮಾಡುವವರು ಮುಟ್ಟುವುದಿಲ್ಲ. ಜಾಲತಾಣದ ತಂತ್ರಾಂಶಕ್ಕೆ ರೂಪ ಕೊಡುವ ಕೆಲಸವೂ ಇಂಥದೇ ಎಂಬುದು ನನಗೆ ತಡವಾಗಿ ತಿಳಿಯಿತು. ಆ ಪಾಠವನ್ನು ಸಹಪಾಠಿಗಳ ಮುಂದಿಡುವುದೇ ಈ ಪುಟ್ಟ ಲೇಖನದ ಉದ್ದೇಶ.

ಚನ್ನಗಿರಿ ಸೀಮೆಯ ಕೆರೆಗಳನ್ನು ಕುರಿತು ನಮ್ಮಜ್ಜ ಹೇಳುತ್ತಿದ್ದ ಸಂಗತಿಗಳನ್ನು ಬರೆದಿಡಬೇಕೆಂದು ನನ್ನ ಗಣಕಯಂತ್ರದಲ್ಲಿ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ಹಾಕಿಕೊಂಡೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುತ್ತಿರುವುದು ಇದರ ಮೇಲೆಯೇ. ಇದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆ ಸ್ವಾತಂತ್ರ್ಯವೇ ನನ್ನ ತಲೆಗೇರಿತು. ನೋಟಕ್ಕೆ ಚೆಂದವೆಂದು ಸಾಲುಗಳನ್ನು ಒತ್ತಾಗಿ ಕೂರಿಸಿ, ಅಕ್ಷರಗಳಿಗೆ ತೆಳು ಬೂದು ಬಣ್ಣ ಕೊಟ್ಟು, ಅಜ್ಜನನ್ನು ಕರೆದು ತೋರಿಸಿದೆ.

ಅಜ್ಜ ಕನ್ನಡಕ ಏರಿಸಿಕೊಂಡು ನೋಡಿದರು. “ತಮ್ಮಾ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮ್ಯಾಲೆ ಕುಂತಾವಲ್ಲೋ. ನಾ ಹೇಳಿದ್ದನ್ನ ನಾನೇ ಓದಾಕ ಆಗವಲ್ದು” ಎಂದರು. ನನಗೆ ನಾಚಿಕೆಯಾಯಿತು. ಇಂಗ್ಲಿಷಿಗೆ ಒಪ್ಪುವ ಸಾಲೆತ್ತರ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರ ಕೆಳಕ್ಕೂ ಬೆಳೆಯುತ್ತದೆ.

ಆಮೇಲೆ ಕುಳಿತು ಅಭ್ಯಾಸ ಮಾಡಿದೆ. ಬರಹ ಬೇರೆ, ಅದರ ರೂಪ ಬೇರೆ ಇರಬೇಕೆಂದು ಹೋಕುನ್ ವಿಯುಮ್ ಲೀ ಅವರು 1994ರಲ್ಲಿ ಸೂಚಿಸಿದ ಸಿ.ಎಸ್.ಎಸ್. ಪದ್ಧತಿ 1996ರಲ್ಲಿ ಪ್ರಮಾಣವಾಯಿತು. ಇದನ್ನು ಬಳಸಿ ಮೀಡಿಯಾವಿಕಿಗೆ ರೂಪ ಕೊಡಲು ಐದು ಮಾರ್ಗಗಳುಂಟು.

ಮೊದಲನೆಯದು, ಮೂಲ ಕಡತಗಳನ್ನೇ ತಿದ್ದುವುದು. ಇದು ಸುಲಭ, ಆದರೆ ಹೊಸ ಆವೃತ್ತಿ ಹಾಕಿದ ದಿನ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ನಾನು ಮಾಡಿದ್ದು ಇದನ್ನೇ.

ಎರಡನೆಯದು, ವಿಕಿಯೊಳಗಿನ ‘ಕಾಮನ್ ಸಿ.ಎಸ್.ಎಸ್.’ ಎಂಬ ಪುಟದಲ್ಲಿ ನಿಯಮ ಬರೆಯುವುದು. ಅದು ದತ್ತಸಂಚಯದಲ್ಲಿ ಉಳಿಯುವುದರಿಂದ ಆವೃತ್ತಿ ಬದಲಾದರೂ ಅಳಿಯದು. ಆದರೆ ಅಲ್ಲಿ ಬರೆದದ್ದು ಓದುಗರೆಲ್ಲರಿಗೂ ತಟ್ಟುತ್ತದೆ. ವಿಕಿಪೀಡಿಯದಲ್ಲಿ 2018ರಿಂದ ಇಂಥ ಪುಟಗಳನ್ನು ತಿದ್ದುವ ಅಧಿಕಾರ ಅದಕ್ಕೆಂದೇ ಗೊತ್ತುಪಡಿಸಿದ ನಿರ್ವಾಹಕರಿಗೆ ಮಾತ್ರ ಉಂಟು.

ಮೂರನೆಯದು, ವಿಕಿಪೀಡಿಯದ ಸದಸ್ಯನು ತನ್ನ ಹೆಸರಿನ ಪುಟದಲ್ಲಿ ತನಗೆ ಬೇಕಾದ ನಿಯಮಗಳನ್ನು ಬರೆದುಕೊಳ್ಳುವುದು. ಇದರಿಂದ ಯಾರಿಗೂ ತೊಂದರೆಯಿಲ್ಲ. ಲಾಗಿನ್ ಆಗದ ಅಜ್ಜನಂಥವರಿಗೆ ಪ್ರಯೋಜನವೂ ಇಲ್ಲ.

ನಾಲ್ಕನೆಯದು, ‘ಸ್ಕಿನ್’ ಎಂಬ ಇಡೀ ಉಡುಗೆಯನ್ನೇ ಹೊಸದಾಗಿ ಹೊಲಿಯುವುದು. 2004ರ ಮೊನೊಬುಕ್, 2010ರ ವೆಕ್ಟರ್ ಇಂಥವು. ಸ್ಕಿನ್ ಪ್ರತ್ಯೇಕವಾಗಿರುವುದರಿಂದ ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಹೊಸ ಆವೃತ್ತಿಗಳಿಗೆ ಅದನ್ನು ಹೊಂದಿಸುವ ದುಡಿಮೆ ಹೊಲಿದವನ ಪಾಲಿಗೆ.

ಐದನೆಯದು, ಎಲ್ಲರಿಗೂ ಬೇಕಾದ ತಿದ್ದುಪಡಿಯನ್ನು ಮೂಲ ತಂತ್ರಾಂಶಕ್ಕೇ ಒಪ್ಪಿಸುವುದು. ಕನ್ನಡ, ಹಿಂದಿ, ಬಂಗಾಳಿ ಮೊದಲಾದ ಭಾಷೆಗಳ ಶೀರ್ಷಿಕೆಗಳಿಗೆ ಸಾಲೆತ್ತರ ಹೆಚ್ಚಿಸುವ ನಿಯಮ ಮೀಡಿಯಾವಿಕಿಯ ಮೂಲದಲ್ಲೇ ಸೇರಿದ್ದುಂಟು. ಒಬ್ಬರ ಕಷ್ಟಕ್ಕೆ ಕಂಡ ಪರಿಹಾರ ಹೀಗೆ ಎಲ್ಲರದಾಗುತ್ತದೆ. ಮುಕ್ತ ತಂತ್ರಾಂಶದ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ.

ನನ್ನ ಪುಟ್ಟ ಕೆಲಸಕ್ಕೆ ಎರಡನೆಯ ಮಾರ್ಗವೇ ಸಾಕಾಯಿತು. ಸಾಲೆತ್ತರವನ್ನು ಅಕ್ಷರದ ಅಳತೆಯ 1.8 ಪಟ್ಟು ಮಾಡಿದೆ. ಅಕ್ಷರಕ್ಕೆ ಗುಬ್ಬಿ, ಅದು ಇಲ್ಲದ ಕಡೆ ಲೋಹಿತ್ ಕನ್ನಡ ಬರುವಂತೆ ಬರೆದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರವಿರಬೇಕೆಂಬುದು ಜಾಲತಾಣಗಳ ಸುಗಮತೆಯ ಮಾರ್ಗಸೂಚಿ; ಬೂದು ಬಿಟ್ಟು ಕಪ್ಪಿಗೆ ಮರಳಿದೆ. ವಾಲಿದ ಅಕ್ಷರಗಳನ್ನೂ ತೆಗೆದೆ.

ಅಜ್ಜನನ್ನು ಮತ್ತೆ ಕೂರಿಸಿದೆ. ಈ ಬಾರಿ ಅವರು ಉಡುಗೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬೆರಳಿಟ್ಟು ಸಾಲು ಸಾಲಾಗಿ ಓದಿ, “ಇಲ್ಲಿ ತಪ್ಪು ಬರದೀಯ. ತೂಬು ಮೂಡಲಕ್ಕಲ್ಲ, ಬಡಗಲಕ್ಕೈತಿ” ಎಂದರು. ನನ್ನ ತಪ್ಪು ಸಿಕ್ಕಿಬಿದ್ದುದಕ್ಕೆ ನನಗೆ ಅಂದಿನಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಓದಲು ಬಂದುದರಿಂದಲ್ಲವೇ ಅವರು ತಿದ್ದಿದ್ದು!