ಕಾಯಕದ ಮಿತಿಯೂ ಮನೆಯ ಪಾಲೂ

ಕಾಯಕವನ್ನು ಕುರಿತು ವಿಚಾರ ಮಾಡುವಾಗ ಬಹುಜನರ ಮನಸ್ಸಿಗೆ ಮೊದಲು ತೋರುವುದು ದುಡಿಮೆಯ ಹಿರಿಮೆ. ಅದು ಸರಿಯೆ, ಮೈಗಳ್ಳತನಕ್ಕೆ ಶರಣರ ಬಾಳಿನಲ್ಲಿ ಎಡೆಯಿರಲಿಲ್ಲ. ಆದರೆ ಕಾಯಕಕ್ಕೆ ಒಂದು ಮಿತಿಯೂ ಉಂಟೆಂಬುದನ್ನು ನೆನೆಯುವವರು ವಿರಳ. ಬೆಳಗಿನಿಂದ ಬೈಗಿನವರೆಗೆ ಹೊರಗೆ ದುಡಿದು ಬಳಲಿ ಬಂದವರಿಗೆ ಮನೆಯ ಕೆಲಸ ಕಾದಿರುತ್ತದೆ. ಅದು ಮುಗಿಯುವ ಹೊತ್ತಿಗೆ ಕಣ್ಣು ಎಳೆಯತೊಡಗುತ್ತದೆ. ಲಿಂಗಪೂಜೆ, ಓದು, ಮಕ್ಕಳೊಡನೆ ನಾಲ್ಕು ಮಾತು, ಒಂದು ಗಳಿಗೆಯ ಮೌನ, ಇವೆಲ್ಲ ನಾಳೆಗೆ ಉಳಿಯುತ್ತವೆ. ಆ ನಾಳೆ ಬರುವುದೇ ಇಲ್ಲ. ಇದಕ್ಕೆ ಶರಣರ ಬಾಳಿನಲ್ಲಿ ದಾರಿಯುಂಟೆ ಎಂಬುದು ಗೃಹಸ್ಥರೆಲ್ಲರೂ ವಿಚಾರಿಸತಕ್ಕ ವಿಷಯ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಎಲ್ಲರೂ ಕೇಳಿಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಆತನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಮರೆತನು. ಗೋಷ್ಠಿ ಎಷ್ಟೇ ಪವಿತ್ರವಾದರೂ ಕಾಯಕ ನಿಲ್ಲಬಾರದೆಂದು ಲಕ್ಕಮ್ಮ ಎಚ್ಚರಿಸಿದಳು. ಆತನು ಹೋಗಿ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನೂ ಆಕೆ ಒಪ್ಪಲಿಲ್ಲ; ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದಳು.

ಈ ಪ್ರಸಂಗದಿಂದ ಆಸೆಯ ನಿಗ್ರಹವೆಂಬ ಒಂದೇ ಪಾಠವನ್ನು ತೆಗೆದುಕೊಳ್ಳುವುದು ವಾಡಿಕೆ. ಆದರೆ ಲಕ್ಕಮ್ಮ ತಡೆದುದು ಎರಡನ್ನು: ಕಾಯಕ ಕುಂದುವುದನ್ನೂ ತಡೆದಳು, ಮೀರುವುದನ್ನೂ ತಡೆದಳು. ಹೆಚ್ಚಾಗಿ ತಂದ ಅಕ್ಕಿಯ ಹಿಂದೆ ಹೆಚ್ಚಾಗಿ ಕಳೆದ ಹೊತ್ತೂ ಇರುತ್ತದೆ. ಆ ಹೊತ್ತು ಲಿಂಗಕ್ಕೆ, ಜಂಗಮಕ್ಕೆ, ಮನೆಗೆ ಸಲ್ಲತಕ್ಕದ್ದು. ಸಾಕೆಂಬ ಅರಿವು ಧಾನ್ಯವನ್ನು ಮಾತ್ರವಲ್ಲದೆ ದಿನವನ್ನೂ ಉಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮನೆಯ ಬಾಡಿಗೆಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ, ಸಾಲದ ಕಂತಿಗೆ ಹೆಚ್ಚು ಗಂಟೆ ದುಡಿಯಲೇಬೇಕಾದವನಿಗೆ ಸಾಕೆನ್ನುವ ಸ್ವಾತಂತ್ರ್ಯವೆಲ್ಲಿ? ಆಕ್ಷೇಪ ನ್ಯಾಯವಾದುದೇ. ಕೊರತೆಯಿಂದ ದುಡಿಯುವವನನ್ನು ಆಸೆಬುರುಕನೆನ್ನುವುದು ಧರ್ಮವಲ್ಲ. ಅಂತಹ ಮನೆಗೆ ಬೇಕಾದುದು ಸಾಕೆಂಬ ಉಪದೇಶವಲ್ಲ. ಇರುವ ಭಾರವನ್ನು ಎಲ್ಲರೂ ಹಂಚಿಕೊಂಡು ಹೊರುವುದು.

ಈ ಹಂಚಿಕೆ ಹೇಗಿದೆ? ಭಾರತ ಸರ್ಕಾರವು 2019ರಲ್ಲಿಯೂ 2024ರಲ್ಲಿಯೂ ಜನರ ಸಮಯ ಬಳಕೆಯನ್ನು ಕುರಿತು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ, 2019ರಲ್ಲಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ಕಳೆದರು. 2024ರಲ್ಲಿ ಈ ಅಂಕಿಗಳು 289 ಮತ್ತು 88. ಹೆಂಗಸರ ಭಾರ ಹತ್ತು ನಿಮಿಷ ಇಳಿದರೆ, ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು. ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು. ಕಾರ್ಖಾನೆಯ ದುಡಿಮೆಗೆ 1948ರ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಒಲೆಯ ಮುಂದಿನ ದುಡಿಮೆಗೆ ಮಿತಿಯನ್ನು ಮನೆಯವರೇ ವಿಧಿಸಬೇಕು.

ಮನೆಗೆಲಸ ಕೀಳೆಂಬ ಭಾವನೆ ಶರಣಧರ್ಮಕ್ಕೆ ಹೊಂದುವುದಿಲ್ಲ. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿ ಒನಕೆಯ ಸದ್ದಿದೆ. ಕದಿರ ರೆಮ್ಮವ್ವೆಯ ಹೆಸರಿನಲ್ಲಿ ನೂಲಿನ ಎಳೆಯಿದೆ. ಇವರಿಬ್ಬರೂ ವಚನಕಾರ್ತಿಯರು. ಬಟ್ಟೆ ಒಗೆಯುವ ಕಾಯಕದ ಮಾಚಿದೇವರು ಗಂಡಸರು. ಆ ಕಾಯಕದಿಂದ ಅವರ ಘನತೆ ಕುಂದಲಿಲ್ಲ, ಬೆಳಗಿತು. ಹೀಗಿರುವಾಗ ತಟ್ಟೆ ತೊಳೆಯಲು, ಕಸ ಗುಡಿಸಲು, ಬಟ್ಟೆ ಹಿಂಡಿ ಹರವಲು ಇಂದಿನ ಗೃಹಸ್ಥನು ಸಂಕೋಚಪಡಲು ಕಾರಣವೇನು? ಹೊರಗಿನ ದುಡಿಮೆಯನ್ನು ಕಾಯಕವೆಂದು ಪೂಜಿಸಿ, ಒಳಗಿನ ದುಡಿಮೆಯನ್ನು ಹೆಂಡತಿಯ ಪಾಲಿನ ಚಾಕರಿಯೆಂದು ಬಗೆಯುವುದು ಕಾಯಕತತ್ತ್ವವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಂತೆ.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಗುರುವು ಇಷ್ಟಲಿಂಗವನ್ನು ಗಂಡಿಗೂ ಹೆಣ್ಣಿಗೂ ಸಮವಾಗಿ ಅನುಗ್ರಹಿಸುತ್ತಾನೆ. ಪತಿಯ ಪೂಜೆಗೆ ನೀರು, ಪತ್ರೆ, ವಿಭೂತಿಗಳನ್ನು ಅಣಿಮಾಡಿ ಒಲೆಯ ಕಡೆಗೆ ಓಡುವ ಗೃಹಿಣಿಯ ಅಂಗೈಯ ಲಿಂಗಕ್ಕೆ ಹೊತ್ತು ಯಾವುದು? ಆಕೆಯ ಪೂಜೆ ಅವಸರದಲ್ಲಿ ಮುಗಿಯುವ ಮನೆಯಲ್ಲಿ ಸಮಾನತೆ ದೀಕ್ಷೆಯ ದಿನಕ್ಕೆ ಮಾತ್ರ ಸೀಮಿತವಾಯಿತೆಂದು ತಿಳಿಯಬೇಕು. ದಾಸೋಹದ ದಿನವೂ ಇದೇ ಪರೀಕ್ಷೆ. ಹತ್ತು ಬಗೆಯ ಅಡಿಗೆ ಮಾಡಿಸಿ, ಬಡಿಸುವವಳು ಹಸಿದು ಕುಸಿದರೆ ಅದು ದಾಸೋಹವಲ್ಲ, ಆಡಂಬರ. ರೊಟ್ಟಿ, ಪಲ್ಯ, ಅಂಬಲಿಯಷ್ಟಾದರೂ ಮನೆಯ ಎಲ್ಲರ ಕೈ ಸೇರಿದ ಎಡೆಯೇ ಹಿರಿದು.

ಆದುದರಿಂದ ಸದ್ಭಕ್ತರು ಮೂರು ನಿಯಮಗಳನ್ನು ಪಾಲಿಸುವುದು ಹಿತಕರ. ಒಂದು: ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಕೆಲಸಗಳನ್ನು ಹೆಸರಿಸಿ ಹಂಚಿಕೊಳ್ಳಬೇಕು; ಹೇಳಿಸಿಕೊಂಡು ಮಾಡುವುದು ನೆರವು, ಹೇಳದೆಯೇ ಮಾಡುವುದು ಕಾಯಕ. ಗಂಡುಮಕ್ಕಳಿಗೂ ಚಿಕ್ಕಂದಿನಿಂದಲೇ ಪಾಲಿರಬೇಕು. ಎರಡು: ಮನೆಗೆ ಬಂದ ಮೇಲೆ ಕಚೇರಿಯ ಕೆಲಸ ದೂರವಾಣಿಯ ಮೂಲಕ ಹಿಂಬಾಲಿಸದಂತೆ, ಸಾಧ್ಯವಿರುವಷ್ಟು ಮಟ್ಟಿಗೆ, ಗಡಿ ಹಾಕಬೇಕು. ಮೂರು: ಪೂಜೆಗೂ ಏಕಾಂತಕ್ಕೂ ಇಬ್ಬರಿಗೂ ಹೊತ್ತನ್ನು ಮೊದಲೇ ಗೊತ್ತುಮಾಡಬೇಕು. ಒಬ್ಬರು ಕುಳಿತಾಗ ಮತ್ತೊಬ್ಬರು ಒಲೆಯನ್ನೂ ಮಕ್ಕಳನ್ನೂ ನೋಡಿಕೊಳ್ಳಲಿ. ಅರ್ಧ ಗಳಿಗೆಯಾದರೂ ಸರಿ, ಅದು ಉಳಿದ ಹೊತ್ತಾಗದೆ ಮೀಸಲು ಹೊತ್ತಾಗಬೇಕು.

ಲಕ್ಕಮ್ಮ ಗಂಡನಿಗೆ ಕಾಯಕವನ್ನೂ ನೆನಪಿಸಿದಳು, ಸಾಕೆಂಬುದನ್ನೂ ಕಲಿಸಿದಳು; ಮಾರಯ್ಯ ಎರಡು ಸಲವೂ ಆ ಮಾತನ್ನು ಕೇಳಿ ನಡೆದನು. ಹೇಳುವ ಧೈರ್ಯ ಒಬ್ಬರಲ್ಲಿ, ಕೇಳುವ ವಿನಯ ಮತ್ತೊಬ್ಬರಲ್ಲಿ ಇರುವ ಮನೆಯಲ್ಲಿ ದಣಿವು ಇರಬಹುದು; ಆದರೆ ಆ ದಣಿವು ಒಬ್ಬರದೇ ಆಗಿರುವುದಿಲ್ಲ.