ಇಂದಿನ ಧಮ್ಮ ಚಿಂತನೆ: ವೀಣೆಯ ತಂತಿ ಮತ್ತು ಇಡೀ ದಿನದ ರೆಕಾರ್ಡಿಂಗ್





ಜಯಂತಿ ಹತ್ತಿರ ಬಂತು. ಭೀಮಗೀತೆಗಳ ರೆಕಾರ್ಡಿಂಗ್ ನಡೆದಿದೆ. "ಸ್ಟುಡಿಯೋದಲ್ಲಿ ಹನ್ನೆರಡು ತಾಸು ಕೂರಬೇಕು, ತಡಕೊಳ್ಳೋದು ಹೇಗೆ ಸರ್?" ಎಂದು ನಮ್ಮ ಬಳಗದ ಹುಡುಗರು ಕೇಳಿದ್ದಾರೆ. ಉತ್ತರಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಖಾನಾಪುರ ತಾಲ್ಲೂಕಿನ ನಮ್ಮ ತಂಡವನ್ನು ಬೆಳಗಾವಿಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಒಂದೇ ದಿನದಲ್ಲಿ ಐದು ಹಾಡು ಮುಗಿಯಬೇಕಿತ್ತು. ಬಾಡಿಗೆ ತಾಸಿನ ಲೆಕ್ಕದ್ದು. ದುಡ್ಡು ಓಣಿಯ ಮನೆಮನೆಯಿಂದ ಕೂಡಿಸಿದ್ದು. ಬೆಳಿಗ್ಗೆ ಹತ್ತಕ್ಕೆ ಕೂತವರು ರಾತ್ರಿ ಹನ್ನೊಂದಾದರೂ ಎದ್ದಿರಲಿಲ್ಲ. ಮುಖ್ಯ ಗಾಯಕಿ ನನ್ನ ಹಳೆಯ ವಿದ್ಯಾರ್ಥಿನಿ. ದನಿ ಒಡೆಯತೊಡಗಿತ್ತು. "ಸರ್, ಉಳಿದದ್ದು ನಾಳೆ ಹಾಡ್ಲೇನ್ರಿ?" ಎಂದಳು. "ಬಾಬಾಸಾಹೇಬರು 18 ತಾಸು ಓದ್ತಿದ್ರವ್ವ, ನಿನಗ ಇನ್ನೊಂದ್ ಹಾಡು ಆಗೂದಿಲ್ಲೇನು?" ಎಂದೆ. ಅವಳು ಹಾಡಿದಳು. ಏಪ್ರಿಲ್ 14ರಂದು ಅವಳ ಹಾಡು ಸ್ಪೀಕರಿನಲ್ಲಿ ಮೊಳಗುತ್ತಿತ್ತು. ಅವಳು ಮಾತ್ರ ದನಿಯಿಲ್ಲದೆ ವೇದಿಕೆಯ ಕೆಳಗೆ ಕೂತಿದ್ದಳು.

*ಸೋಣನ ಪಾದ*

ಅಂಗುತ್ತರ ನಿಕಾಯದಲ್ಲಿ ಸೋಣ ಎಂಬ ಭಿಕ್ಖುವಿನ ಪ್ರಸಂಗವಿದೆ. ಸಿರಿವಂತರ ಮನೆಯ ಮೃದು ದೇಹದವನು. ರಾಜಗೃಹದ ಹತ್ತಿರ ನಡಿಗೆಯ ಧ್ಯಾನ ಮಾಡುತ್ತಾ ಮಾಡುತ್ತಾ ಪಾದ ಒಡೆದು ರಕ್ತ ಬಂತು. ಇಷ್ಟಾದರೂ ಫಲವಿಲ್ಲ, ಮನೆಗೆ ಮರಳುತ್ತೇನೆ ಅಂದುಕೊಂಡ. ಬುದ್ಧರು ಬಂದು ಕೇಳಿದ್ದು ಅವನ ಹಳೆಯ ವೀಣೆಯ ಬಗ್ಗೆ. ತಂತಿ ಅತಿಯಾಗಿ ಬಿಗಿದರೆ ಸ್ವರ ಸರಿ ಬರುತ್ತಿತ್ತೇ? ಸಡಿಲ ಬಿಟ್ಟರೆ? ಎರಡಕ್ಕೂ ಸೋಣ ಇಲ್ಲವೆಂದ. ಹಾಗೆಯೇ ಅತಿಯಾದ ವಿರಿಯ ಚಡಪಡಿಕೆಯಾಗುತ್ತದೆ, ಕಡಿಮೆಯಾದ ವಿರಿಯ ಸೋಮಾರಿತನವಾಗುತ್ತದೆ ಎಂದು ಬುದ್ಧರು ತಿಳಿಸಿದರು.

ಸೋಣನಿಗೆ ಕಂಡದ್ದು ಎರಡೇ ದಾರಿ: ರಕ್ತ ಬರುವಷ್ಟು ನಡೆಯುವುದು, ಇಲ್ಲವೇ ಬಿಟ್ಟು ಹೋಗುವುದು. ಬುದ್ಧರು ಬಿಡು ಎನ್ನಲಿಲ್ಲ. ಶ್ರುತಿ ಮಾಡಿಕೋ ಎಂದರು. ಆ ರಾತ್ರಿ ನನಗೂ ಎರಡೇ ದಾರಿ ಕಂಡಿದ್ದವು.

*ಮೂರು ನಿಮಿಷದ ತಟ್ಟೆ*

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್. ಊಟದ ಹೊತ್ತಿಗೆ ತನ್ನ ಜಾತಿಯ ಕಾರಣಕ್ಕೆ ಅವಮಾನವಾದೀತೆಂದು ಅಂದು ಅಂಜಿದ್ದನ್ನು ಅವರು ಮುಂದೆ ನೆನೆಸಿಕೊಂಡಿದ್ದಾರೆ. 1930ರ ದಶಕದಲ್ಲಿ ಮುಂಬಯಿಯಲ್ಲಿ ಅವರ ಎಚ್‌ಎಂವಿ ತಟ್ಟೆಗಳು ಬಂದವು, 'ಗಾಂಧಾರಿ' ಎಂಬ ಹೆಸರಿನಲ್ಲಿ. ಆಗ ದನಿಯನ್ನು ನೇರವಾಗಿ ಮೇಣದ ಬಿಲ್ಲೆಯ ಮೇಲೆ ಕೊರೆಯುತ್ತಿದ್ದರು. ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ತಪ್ಪಾದರೆ ತಿದ್ದುವ ಹಾಗಿಲ್ಲ, ಹೊಸ ಬಿಲ್ಲೆಯ ಮೇಲೆ ಮೊದಲಿನಿಂದ ಹಾಡಬೇಕು. ಅದಕ್ಕಾಗಿ ಶ್ರಮವೆಲ್ಲ ಸ್ಟುಡಿಯೋದ ಹೊರಗೇ ಆಗಬೇಕಿತ್ತು. ತಟ್ಟೆ ಬಂದ ಮೇಲೂ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಕಲಿತರು.

ಈಗ ಕಂಪ್ಯೂಟರಿನಲ್ಲಿ ಒಂದೇ ಸಾಲನ್ನು ನಲವತ್ತು ಸಲ ಹಾಡಿಸಬಹುದು. ಅಂದು ಮೇಣ ಮಿತಿ ಹಾಕುತ್ತಿತ್ತು. ಇಂದು ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

*ಹಾಗಾದರೆ ಬಾಬಾಸಾಹೇಬರು?*

1956ರ ಡಿಸೆಂಬರ್ 5ರ ರಾತ್ರಿ ಅವರು ರೇಡಿಯೋಗ್ರಾಮ್‌ನಲ್ಲಿ 'ಬುದ್ಧಂ ಶರಣಂ' ತಟ್ಟೆ ಹಚ್ಚಿಸಿ ಕೇಳಿದರು. ಆಮೇಲೂ 'ಬುದ್ಧ ಮತ್ತು ಅವನ ಧಮ್ಮ'ದ ಮುನ್ನುಡಿಯ ಕಾಗದಗಳು ಅವರ ಹಾಸಿಗೆಯ ಬಳಿ ಇದ್ದವು. ದೇಹ ಸೋತಿತ್ತು, ಕೆಲಸ ಉಳಿದಿತ್ತು. ಅದನ್ನು ಹಂಚಿಕೊಳ್ಳಬಲ್ಲವರು ಅಂದು ಕಡಿಮೆ. ಇಂದು ನಾವು ಹಲವರಿದ್ದೇವೆ. ಅವರ 18 ತಾಸನ್ನು ಒಬ್ಬ ಹುಡುಗಿಯ ಗಂಟಲ ಮೇಲೆ ಹೇರುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಆರು ಜನ ಮೂರು ಮೂರು ತಾಸು ಹೊರುವುದು ಗೌರವ.

*ಇಂದಿನ ಅಭ್ಯಾಸ*

1. ಸ್ಟುಡಿಯೋಗೆ ಹೋಗುವ ಮುಂಚೆಯೇ ಹಾಡು ಬಾಯಿಪಾಠವಾಗಿರಲಿ. ತಾಸಿನ ಬಾಡಿಗೆ ಕೊಟ್ಟು ಕಲಿಯಬೇಡಿ.
2. ಒಂದು ತಾಸಿಗೊಮ್ಮೆ ಹೆಡ್‌ಫೋನ್ ತೆಗೆದು ಹೊರಗೆ ಬನ್ನಿ. 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ತಾಸು ಮಿತಿ. 3 ಡೆಸಿಬಲ್ ಏರಿದರೆ ಆ ಮಿತಿ ಅರ್ಧಕ್ಕಿಳಿಯುತ್ತದೆ ಎಂಬುದು ತಜ್ಞರ ಲೆಕ್ಕ. ದಣಿದ ಕಿವಿ ಸದ್ದನ್ನು ಏರಿಸುತ್ತಲೇ ಹೋಗುತ್ತದೆ.
3. ದನಿ ಕರಕರ ಎಂದರೆ ನಿಲ್ಲಿಸಿ. ನೀರು ಕುಡಿಯಿರಿ, ಪಿಸುಮಾತೂ ಬೇಡ. ಆ ಹೊತ್ತಿನಲ್ಲಿ ತಬಲಾ, ಕೋರಸ್ ಮುಗಿಸಿ.
4. ಮಿಕ್ಸಿಂಗ್ ಆದದ್ದನ್ನು ಮರುದಿನ ಬೆಳಿಗ್ಗೆ ಕೇಳಿ ಒಪ್ಪಿ.
5. ಕಾಯುವವರು ಬೇಸರಪಡದೆ ಉಸಿರನ್ನು ಗಮನಿಸಿ. ಆನಾಪಾನಕ್ಕೆ ಸ್ಟುಡಿಯೋದಷ್ಟು ಶಾಂತವಾದ ಕೋಣೆ ನಮ್ಮ ಓಣಿಯಲ್ಲಿ ಎಲ್ಲಿದೆ?

ಆ ಹುಡುಗಿಯ ದನಿ ಕೆಲವು ವಾರಗಳ ನಂತರ ಮರಳಿತು. ನಾನು ಕ್ಷಮೆ ಕೇಳಿದೆ. ಈ ಸಲ ತಂಡಕ್ಕೆ ಅವಳೇ ಮುಂದಾಳು. ಸಂಜೆ ಏಳಕ್ಕೆ ಮೈಕ್ ಬಂದ್, ಎಲ್ಲರೂ ಖಾನಾಪುರದ ಬಸ್ಸು ಹತ್ತಬೇಕು. ಅದು ಅವಳ ನಿಯಮ. ನಾನೂ ಪಾಲಿಸುತ್ತಿದ್ದೇನೆ.

ಭವತು ಸಬ್ಬ ಮಂಗಲಂ 🙏
*ಜೈಭೀಮ್*